ಚಳಿಯಲ್ಲಿ ಅಂಟಿದ ಮೂರು ಬೆರಳು

ನಾನು ಒಂದು ಕ್ರ್ಯಾಂಕ್ ಶಾಫ್ಟ್. ಹೆಸರು ಕೇಳಿ ಗಾಬರಿಯಾಗಬೇಡಿ, ಕೆಲಸ ಸರಳ. ಎಂಜಿನ್ನಿನೊಳಗೆ ಪಿಸ್ಟನ್ ಎಂಬುದು ಮೇಲೆ ಕೆಳಗೆ ಕುಣಿಯುತ್ತದೆ. ಅದಕ್ಕೆ ಬೇರೇನೂ ಬರುವುದಿಲ್ಲ. ಆ ಕುಣಿತವನ್ನು ಹಿಡಿದು ಗರಗರನೆ ತಿರುಗುವಂತೆ ಮಾಡುವವನು ನಾನು. ಲಾರಿಯ ಗಾಲಿ ಉರುಳುವುದು, ದೋಣಿಯ ಫ್ಯಾನು ನೀರು ತಳ್ಳುವುದು ಎಲ್ಲ ನಮ್ಮವರಿಂದಲೇ. ನನ್ನ ಮೈ ನೆಟ್ಟಗಿಲ್ಲ, ಅಲ್ಲಲ್ಲಿ ಮೊಣಕೈ ಮಡಿಸಿದಂತಿದೆ. ನೆಟ್ಟಗಿದ್ದಿದ್ದರೆ ಯಾರದೋ ಕಿಟಕಿಯ ಸರಳಾಗಿರುತ್ತಿದ್ದೆ, ಹೇಳಲು ಕಥೆಯೂ ಇರುತ್ತಿರಲಿಲ್ಲ.

ನನಗೊಂದು ಚಟವಿದೆ. ಏನನ್ನು ಕಂಡರೂ ಏಕೆ, ಹೇಗೆ ಎಂದು ಕೇಳಿಕೊಳ್ಳುವುದು. ಬಾಯಿ ಇಲ್ಲದ್ದರಿಂದ ಇದುವರೆಗೆ ಯಾರಿಗೂ ತೊಂದರೆಯಾಗಿಲ್ಲ. ಬಹಳಷ್ಟು ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಕ್ಕಿತು. ಒಂದಕ್ಕೆ ಮಾತ್ರ ಹತ್ತು ತಿಂಗಳು ಕಾಯಬೇಕಾಯಿತು, ಅದರ ಮೇಲೆ ಮೂವತ್ತು ಜನರ ಜೀವವೂ ನಿಂತಿತ್ತು.

ನಾನು ಹುಟ್ಟಿದ್ದು ಬೆಳಗಾವಿಯ ಉದ್ಯಮಬಾಗದಲ್ಲಿ. ಒಂದೇ ಉಕ್ಕಿನ ಸರಳನ್ನು ಎರಡು ತುಂಡು ಮಾಡಿ, ಕಾಯಿಸಿ, ದೊಡ್ಡ ಸುತ್ತಿಗೆಯ ಕೆಳಗಿಟ್ಟು ಬಡಿದರು. ಮೊದಲ ತುಂಡು ನಾನಾದೆ, ಎರಡನೆಯದು ನನ್ನ ತಮ್ಮ. ಆಮೇಲೆ ಲೇತಿನ ಮೇಲೆ ನಮ್ಮನ್ನು ತಿರುಗಿಸಿ ಕೆತ್ತಿದರು, ಎಣ್ಣೆ ಹರಿಯಲು ತೂತು ಕೊರೆದರು. ಇಷ್ಟಾದರೂ ನಾವಿನ್ನೂ ಮೆದುವಾಗಿಯೇ ಇದ್ದೆವು. ಗಟ್ಟಿಯಾಗಲು ನಮ್ಮನ್ನು ಪಕ್ಕದ ಓಣಿಯ ಶಶಿರೇಖಾ ಹೊಂಗಲ ಅವರ ಕಾರ್ಖಾನೆಗೆ ಟೆಂಪೋದಲ್ಲಿ ಕಳಿಸಿದರು.

ಅಲ್ಲಿಯ ಭಟ್ಟಿಯ ಒಡೆಯ ಭರಮಪ್ಪ. ಕಾಗದದ ಮೇಲೆ ಒಡತಿ ಶಶಿರೇಖಾ ಅವರೇ, ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು. ಆದರೆ ಬೆಂಕಿಯ ವಿಷಯದಲ್ಲಿ ಅವರೂ ಭರಮಪ್ಪನನ್ನು ಕೇಳದೆ ಹೆಜ್ಜೆ ಇಡುತ್ತಿರಲಿಲ್ಲ. ಅವರ ಅಪ್ಪನ ಕಾಲದಿಂದ ಮೂವತ್ತೆಂಟು ವರ್ಷ ಅವನು ಆ ಭಟ್ಟಿಯ ಬಾಯಲ್ಲಿ ನಿಂತವನು. ಗೋಡೆಯ ಮೇಲೆ ಉಷ್ಣತೆ ತೋರಿಸುವ ಯಂತ್ರವಿತ್ತು. ಅವನು ಅದನ್ನು ನೋಡುತ್ತಲೇ ಇರಲಿಲ್ಲ. ನನ್ನನ್ನು ಒಳಗಿಟ್ಟು, ಕಣ್ಣು ಕಿರಿದು ಮಾಡಿ, "ಇನ್ನೂ ಬದನಿಕಾಯಿ ಅದಾನ. ಗಜ್ಜರಿ ಬಣ್ಣ ಬರ್ಲಿ" ಎಂದ. ನಾನು ಗಜ್ಜರಿಯ ಕಿತ್ತಳೆ ಬಣ್ಣಕ್ಕೆ ತಿರುಗಿದ ಕೂಡಲೇ ಎತ್ತಿ ಎಣ್ಣೆಯಲ್ಲಿ ಅದ್ದಿದ. ಒಮ್ಮೆ ಭುಸ್ ಎಂದೆ, ಗಟ್ಟಿಯಾದೆ.

ಅವನಿಗೆ ಕಣ್ಣಿನಷ್ಟೇ ಕಿವಿಯ ಮೇಲೂ ಭರವಸೆ. ಹೊರಬಂದ ಪ್ರತಿಯೊಂದು ಸಾಮಾನನ್ನೂ ಹಗ್ಗಕ್ಕೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ಬಡಿಯುತ್ತಿದ್ದ. ದನಿ ಉದ್ದಕ್ಕೆ ಹರಿದರೆ ಒಳಗೆ ಸೀಳಿಲ್ಲ. ಬೊದ್ ಎಂದರೆ ಮೂಲೆಗೆ ಎಸೆಯುತ್ತಿದ್ದ. ನಾವಿಬ್ಬರೂ ಚೆನ್ನಾಗಿ ಹಾಡಿದೆವು.

ನಮ್ಮನ್ನು ಮಾಡಿಸಿದವನು ಯಮನಪ್ಪ ಅಂಬಿಗೇರ ಎಂಬ ದೋಣಿಯವನು. ಜಮಖಂಡಿಯಿಂದಾಚೆ ಕೃಷ್ಣೆಯ ನಡುವೆ ಮಾದೇವನಗಡ್ಡಿ ಎಂಬ ನಡುಗಡ್ಡೆ. ಅಲ್ಲಿನ ಜನರನ್ನು ಆ ದಡ ಈ ದಡ ಮಾಡಿಸುವುದು ಅವನ ಕೆಲಸ. ಹೆಸರಿನಲ್ಲಿ ಯಮನಿದ್ದರೂ ಒಬ್ಬರನ್ನೂ ಮುಳುಗಿಸಿದವನಲ್ಲ. ತನ್ನ ಹಳೆಯ ಎಂಜಿನ್ನಿನ ಮುರಿದ ಶಾಫ್ಟನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಂದಿದ್ದ.

"ಹ್ವಾದ ವರ್ಷ ನಡು ಹೊಳ್ಯಾಗ ಕಟ್ ಆತ್ರಿ ಅಕ್ಕಾರ" ಎಂದ. "ಎರಡು ಹರದಾರಿ ತೇಲಿಕೋತ ಹೋದ್ವಿ. ದೋಣ್ಯಾಗ ಒಬ್ಬಾಕಿ ಬಸುರಿ ಇದ್ಲು. ಅಕೀ ಮಾರಿ ಇನ್ನೂ ನನ್ನ ಕಣ್ಣಾಗೈತಿ. ಎರಡು ಮಾಡಿ ಕೊಡ್ರಿ, ಒಂದು ಹಾಕ್ಕೋತೀನಿ, ಒಂದು ಮನ್ಯಾಗ ಇಟ್ಕೋತೀನಿ. ಮುರೀಬಾರ್ದು, ಅಷ್ಟ."

ಅಕ್ಕಾರು ಅವನಿಗೆ ಹೊಸದೊಂದು ಪೆಟ್ಟಿಗೆ ತೋರಿಸಿದರು. ಆಳೆತ್ತರದ ಉಕ್ಕಿನ ಪೆಟ್ಟಿಗೆ, ಪಕ್ಕದಲ್ಲಿ ದ್ರವ ನೈಟ್ರೋಜನ್ ತುಂಬಿದ ದೊಡ್ಡ ಪೀಪಾಯಿಯಂಥ ಪಾತ್ರೆ. ಬೆಂಕಿ ಅರ್ಧಕ್ಕೆ ಬಿಟ್ಟ ಕೆಲಸವನ್ನು ಚಳಿ ಮುಗಿಸುತ್ತದೆ ಎಂದರು. ನಾನು ಮೈಯೆಲ್ಲ ಕಿವಿಯಾದೆ. ಎಣ್ಣೆಯಲ್ಲಿ ಅದ್ದಿದಾಗ ಉಕ್ಕಿನ ಕಣಗಳಲ್ಲಿ ಬಹುಪಾಲು ಗಟ್ಟಿಯಾಗುತ್ತವಂತೆ. ಒಂದಿಷ್ಟು ಮಾತ್ರ ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ ಅತ್ತಿತ್ತ ನಿಂತೇ ಇರುತ್ತವಂತೆ. ಸೊನ್ನೆಗಿಂತ ನೂರ ತೊಂಬತ್ತು ಡಿಗ್ರಿ ಕೆಳಗೆ, ನಿಧಾನವಾಗಿ ಇಳಿಸಿ, ಒಂದು ದಿನ ಅಲ್ಲೇ ಇಟ್ಟು, ಮತ್ತೆ ನಿಧಾನವಾಗಿ ಮೇಲೆ ತಂದರೆ ಅವೂ ತಮ್ಮ ತಮ್ಮ ಜಾಗ ಹಿಡಿಯುತ್ತವೆ. ಸವೆತ ಕಡಿಮೆಯಾಗುತ್ತದೆ. "ಎಲ್ಲಾ ನಿಧಾನದ ಮ್ಯಾಲೆ ಐತಿ. ಗಡಿಬಿಡಿ ಮಾಡಿದ್ರ ಸೀಳತೈತಿ" ಎಂದರು ಅಕ್ಕಾರು.

ಆದರೆ ಪೆಟ್ಟಿಗೆಗೆ ಹೋದ ಸಾಮಾನು ಹೇಗೆ ಹೋಗಿತ್ತೋ ಹಾಗೇ ಹೊರಬರುತ್ತದೆ. ಬಣ್ಣ ಬದಲಾಗುವುದಿಲ್ಲ, ತೂಕ ಬದಲಾಗುವುದಿಲ್ಲ. ಉದ್ಯಮಬಾಗದವರಿಗೆ ಇದೇ ತಮಾಷೆ. "ಅಕ್ಕಾರ, ಕಬ್ಬಿಣಕ್ಕ ಐಸ್‌ಕ್ರೀಮ್ ತಿನಸಾಕತ್ತೀರಂತಲ್ರಿ" ಎಂದು ಕೇಳಿ ಹೋಗುತ್ತಿದ್ದರು. ಭರಮಪ್ಪ ನಗುತ್ತಿರಲಿಲ್ಲ, ನಂಬುತ್ತಲೂ ಇರಲಿಲ್ಲ. ಬಣ್ಣ ನೋಡಿ ಬದುಕಿದವನಿಗೆ, ನೋಡಲು ಏನೂ ಇಲ್ಲದ ಕೆಲಸ ಹೇಗೆ ರುಚಿಸೀತು?

ಎಂಟು ಗಂಟೆ ಕಾಲ ನಮ್ಮನ್ನು ಇಂಚಿಂಚಾಗಿ ತಣ್ಣಗೆ ಮಾಡಿದರು. ಬೆಂಕಿ ಕೂಗಾಡಿ ಕೆಲಸ ಮಾಡುತ್ತದೆ, ಚಳಿ ಮಾತಾಡುವುದೇ ಇಲ್ಲ. ನನ್ನೊಳಗೆ ಏನೋ ಸರಿದಾಡುತ್ತಿತ್ತು, ಏನೆಂದು ಮಾತ್ರ ತಿಳಿಯಲಿಲ್ಲ. ಪೂರ್ತಿ ತಣ್ಣಗಾಗಿ ಕುಳಿತ ದಿನವೇ ಖಂಡೇನವಮಿ, ಆಯುಧಪೂಜೆಯ ಹಬ್ಬ, ಬಂತು.

ಆ ದಿನ ಕಾರ್ಖಾನೆಯಲ್ಲಿ ಯಾವ ಯಂತ್ರವೂ ತಿರುಗಬಾರದು. ನೆಲ ತೊಳೆದು, ಆರಿದ ಭಟ್ಟಿಯ ಬಾಯಿಗೆ ಚೆಂಡುಹೂವಿನ ಮಾಲೆ ಹಾಕಿ, ಇಕ್ಕಳ ಸುತ್ತಿಗೆಗಳನ್ನೆಲ್ಲ ಜಮಖಾನೆಯ ಮೇಲೆ ಸಾಲಾಗಿ ಇಟ್ಟಿದ್ದರು. ಗುನುಗುತ್ತಿದ್ದದ್ದು ನಮ್ಮ ಪೆಟ್ಟಿಗೆ ಒಂದೇ, ಮೂರು ದಿನದ ಕೆಲಸವನ್ನು ನಡುವೆ ನಿಲ್ಲಿಸುವಂತಿರಲಿಲ್ಲ. ಅಲ್ಲಿ ಇನ್ನೊಂದು ರೂಢಿಯೂ ಇತ್ತು. ಯಂತ್ರಕ್ಕೆ ಮಾತ್ರವಲ್ಲ, ಆ ದಿನ ಕಾರ್ಖಾನೆಯೊಳಗಿರುವ ಗಿರಾಕಿಯ ಪ್ರತಿ ಸಾಮಾನಿಗೂ ಭರಮಪ್ಪ ತನ್ನ ಕೈಯಾರೆ ವಿಭೂತಿ ಹಚ್ಚುತ್ತಿದ್ದ. ಮೂವತ್ತೆಂಟು ವರ್ಷದಲ್ಲಿ ಒಂದು ಬೋಲ್ಟೂ ತಪ್ಪಿರಲಿಲ್ಲ. ಅಕ್ಕಾರು ಪೆಟ್ಟಿಗೆಯ ಮುಚ್ಚಳಕ್ಕೆ ಮೂರು ಗೆರೆ ಎಳೆದು ಮುಂದೆ ಹೋದರು.

"ಒಳಗಿನೂಗೂ ಹಚ್ಚಬೇಕಿತ್ರಿ" ಎಂದ ಭರಮಪ್ಪ.

"ಬ್ಯಾಡ ಭರಮಣ್ಣಾ. ಮುಚ್ಚಳ ತಗಿಯೂಹಂಗಿಲ್ಲ. ನಾಡದ ಹೊರಗ ಬರ್ತಾವು, ಆವಾಗ ಹಚ್ಚೂಣು."

"ಆವಾಗ ಹಬ್ಬ ಆಗಿ ಹೋಗಿರ್ತೈತ್ರಿ."

ಅಕ್ಕಾರು ನಕ್ಕು, ಹೋಳಿಗೆ ಊಟಕ್ಕೆ ಮನೆಗೆ ಹೋದರು. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಭರಮಪ್ಪ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದ. ಅವನ ಕಾಲ ಸಪ್ಪಳ ನಮಗೆ ಕೇಳಿಸುತ್ತಿತ್ತು. ಹೊಳೆಗೆ ಹೋಗುವ ಸಾಮಾನು, ಅದರ ಮೇಲೆ ಜನ ಕೂರುತ್ತಾರೆ, ಅದನ್ನೇ ಬರಿಗೈಯಲ್ಲಿ ಕಳಿಸುವುದೇ ಎಂದು ಅವನಿಗೆ ಅನಿಸಿರಬೇಕು. ಮುಚ್ಚಳ ತೆರೆಯಿತು. ಬಿಳಿ ಹೊಗೆ ಎದ್ದಿತು. ನೀರಲ್ಲಿ ಕಲಸಿದ ವಿಭೂತಿಯ ಮೂರು ಬೆರಳು ಇಳಿದುಬಂದು ನನ್ನ ಮೊಣಕೈಯ ಮೇಲೆ ಊರಿದವು.

ಊರಿದವು, ಮತ್ತೆ ಏಳಲಿಲ್ಲ. ಒದ್ದೆ ಬೆರಳು ನನ್ನ ಮೈಗೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಅವನು ಕೂಗಲಿಲ್ಲ. ಒಮ್ಮೆ ಎಳೆದ, ಬರಲಿಲ್ಲ. ಇನ್ನೊಂದು ಕೈಯಿಂದ ತಡಕಾಡಿ, ಚಹಾಕ್ಕೆಂದು ಕಾಯಿಸಿಟ್ಟಿದ್ದ ನೀರಿನ ತಂಬಿಗೆ ಎಳೆದುಕೊಂಡು ನನ್ನ ಮೇಲೆ ಸುರಿದ. ಬೆರಳು ಬಿಟ್ಟಿತು. ಮೂರು ಬೆರಳ ತುದಿಯ ಚರ್ಮ ನನ್ನಲ್ಲೇ ಉಳಿಯಿತು.

ಆ ಬಿಸಿನೀರು ಹರಿದ ಜಾಗದಲ್ಲಿ, ಮೊಣಕೈಯ ಬುಡದಲ್ಲಿ, 'ಟಿಕ್' ಎಂದು ಒಂದು ಸಣ್ಣ ಸದ್ದಾಯಿತು. ಅವನಿಗೂ ಕೇಳಿಸಿತು. ಅಲ್ಲಾಡದೆ ನಿಂತುಬಿಟ್ಟ. ನೀರು ಆಗಲೇ ಐಸಾಗಿತ್ತು. ಸೀಳಿದ್ದು ಐಸೋ, ನಾನೋ? ನನ್ನ ಮೈಯೇ ಆದರೂ ನನಗೆ ತಿಳಿಯಲಿಲ್ಲ.

ಮರುದಿನ ಕೈಗೆ ಬಟ್ಟೆ ಸುತ್ತಿಕೊಂಡು ಬಂದ ಭರಮಪ್ಪ, ಭಟ್ಟಿ ಸುಟ್ಟಿತು ಎಂದ. ಭಟ್ಟಿಯವನ ಕೈ ಸುಟ್ಟರೆ ಯಾರು ಏನು ಕೇಳುತ್ತಾರೆ? ಆದರೆ ನನಗೆ ತಲೆ ಕೆಟ್ಟುಹೋಯಿತು. ಹಿಂದಿನ ದಿನ ಭಟ್ಟಿ ತಣ್ಣಗೆ ಹೂವಿನ ಮಾಲೆ ಹಾಕಿಕೊಂಡು ಕುಳಿತಿತ್ತು. ಇಷ್ಟು ಜನರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲವೇ? ಅಕ್ಕಾರು ಅವನ ಕೈಯನ್ನು ಒಂದು ಕ್ಷಣ ಹೆಚ್ಚೇ ನೋಡಿದರು. ಮುಲಾಮು ತರಿಸಿಕೊಟ್ಟರು, ಅಷ್ಟೇ.

ನಾವು ಪೆಟ್ಟಿಗೆಯಿಂದ ಹೊರಬಂದು, ಮತ್ತೆ ಸ್ವಲ್ಪ ಕಾದು, ಸಾಣೆ ಹಿಡಿಸಿಕೊಂಡು ಹೊಳೆಯತೊಡಗಿದೆವು. ಭರಮಪ್ಪ ತಮ್ಮನನ್ನು ಹಗ್ಗಕ್ಕೆ ಕಟ್ಟಿ ಒಮ್ಮೆ ಬಡಿದ. ನನ್ನನ್ನು ಏಳು ಸಲ ಬಡಿದ. ಏಳು ಸಲವೂ ನಾನು ಉದ್ದಕ್ಕೆ ಹಾಡಿದೆ. ಅವನ ಉಸಿರು ಕೊಂಚ ಸಡಿಲವಾಯಿತು.

ಲ್ಯಾಬಿನಲ್ಲಿ ಇನ್ನೊಂದು ಪರೀಕ್ಷೆಯಿದೆ. ಉಕ್ಕನ್ನು ಅಯಸ್ಕಾಂತ ಮಾಡಿ ಮೇಲೆ, ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುವ ಕಬ್ಬಿಣದ ನುಣ್ಣನೆ ಪುಡಿ ಕಲಸಿದ ಎಣ್ಣೆ ಹರಿಸುತ್ತಾರೆ. ಕಣ್ಣಿಗೆ ಕಾಣದ ಸೀಳಿದ್ದರೂ ಪುಡಿ ಅಲ್ಲಿ ಹೋಗಿ ಗೆರೆಯಾಗಿ ಕೂರುತ್ತದೆ. ಒಂದೇ ಭಟ್ಟಿ, ಒಂದೇ ಥಂಡಿ ಕಂಡ ಸಾಮಾನಾದ್ದರಿಂದ ಒಂದನ್ನು ಪರೀಕ್ಷಿಸಿದರೆ ಸಾಕು ಎಂದು ಅಕ್ಕಾರು, "ಎರಡರಾಗ ಯಾವ್ದರ ಒಂದು ಕಳಸು ಭರಮಣ್ಣಾ" ಎಂದರು. ಅವನ ಕೈ ನನ್ನ ತನಕ ಬಂತು. ಸಾಣೆ ತಾಗದ ಮೊಣಕೈಯ ಮೇಲೆ ಅವನ ಬೆರಳು ಬಿಟ್ಟುಹೋದ ಮೂರು ಮಾಸಲು ಗೆರೆಗಳ ಹತ್ತಿರ ನಿಂತಿತು. ಆಮೇಲೆ ತಮ್ಮನನ್ನು ಎತ್ತಿ ಚೀಲಕ್ಕೆ ಹಾಕಿತು. ಆ ಕೈಯ ಮೇಲೆ ನನಗೆ ಸಿಟ್ಟು ಬಂದದ್ದು ಅದೊಂದೇ ಸಲ. ತಮ್ಮ ಪಾಸಾಗಿ ಬಂದ, ಅವನ ಚೀಟಿಯಲ್ಲಿ ನಾನೂ ಪಾಸಾದೆ.

ಯಮನಪ್ಪ ಬಂದು ನಮ್ಮನ್ನು ಹೆಗಲ ಮೇಲಿಟ್ಟುಕೊಳ್ಳುವಾಗ ಭರಮಪ್ಪನನ್ನೇ ಕೇಳಿದ: "ನಡು ಹೊಳ್ಯಾಗ ಕೈ ಕೊಡಂಗಿಲ್ಲಲ್ಲ?"

"ದನಿ ಚೊಲೋ ಐತಿ" ಎಂದ ಭರಮಪ್ಪ. ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಯಮನಪ್ಪ ಅಷ್ಟರಲ್ಲೇ ತೃಪ್ತನಾಗಿ ಹೊರಟ.

ತಮ್ಮ ಗ್ರೀಸು ಬಳಿದುಕೊಂಡು ಯಮನಪ್ಪನ ಮನೆಯ ಅಟ್ಟ ಸೇರಿದ. ನಾನು ದೋಣಿಯ ನಡುವಿನ ಎಂಜಿನ್ನಿನ ಹೊಟ್ಟೆ ಸೇರಿದೆ. ಅಲ್ಲಿ ಬರೀ ಕತ್ತಲೆ, ಎಣ್ಣೆ. ನೋಡಲು ಏನೂ ಇಲ್ಲದ್ದರಿಂದ ಜನರನ್ನು ಕಾಲ ಸಪ್ಪಳದಿಂದ ಗುರುತು ಹಿಡಿಯುವುದನ್ನು ಕಲಿತೆ. ಯಮನಪ್ಪನ ಒಡೆದ ಹಿಮ್ಮಡಿ, ಹಾಲಿನ ಕ್ಯಾನುಗಳು, ಶಾಲೆಯ ಮಾಸ್ತರರ ಕಿರುಗುಟ್ಟುವ ಚಪ್ಪಲಿ, ಆಡುಗಳ ಟಕಟಕ. ದಿನಕ್ಕೆ ಹತ್ತು ಸಲ ಹೊಳೆ ದಾಟುತ್ತಿದ್ದೆ. ಸವೆತ ಎಂಬುದು ಬರಲೇ ಇಲ್ಲ, ಚಳಿ ತನ್ನ ಕೆಲಸ ಮಾಡಿತ್ತು. ಆದರೆ ಪ್ರತಿ ಸುತ್ತಿಗೂ ಮೊಣಕೈಯ ಬುಡದಲ್ಲಿ ಆ ಪ್ರಶ್ನೆ ಇದ್ದೇ ಇತ್ತು. ಐಸೋ, ನಾನೋ?

ಮೊದಲ ಅಮಾವಾಸ್ಯೆಗೆ ಒಂದು ಗುರುತಿನ ಹೆಜ್ಜೆ ದೋಣಿ ಹತ್ತಿತು. ಭರಮಪ್ಪ. ಅಮಾವಾಸ್ಯೆ ದಿನ ಭಟ್ಟಿಗೆ ರಜೆ. ಬೆಳಗಿನ ಬಸ್ಸು ಹಿಡಿದು ಬೆಳಗಾವಿಯಿಂದ ಬಂದಿದ್ದ. ಎಂಜಿನ್ನಿನ ಪಕ್ಕದಲ್ಲೇ ಕುಳಿತು, ಒಂದು ಕೈಯಲ್ಲಿ ಹಲಗೆಯನ್ನು ಬಿಗಿಯಾಗಿ ಹಿಡಿದು, ಇನ್ನೊಂದನ್ನು ನನ್ನ ಗೂಡಿನ ಮೇಲಿಟ್ಟ. ಈಜು ಬಾರದವನು. ಮುಂದಿನ ಅಮಾವಾಸ್ಯೆಗೂ ಬಂದ, ಅದರ ಮುಂದಿನದಕ್ಕೂ ಬಂದ. ಸಂಜೆಯ ತನಕ ಅತ್ತ ಇತ್ತ ದಾಟುತ್ತಲೇ ಇದ್ದು ಹೋಗುತ್ತಿದ್ದ.

"ಭರಮಣ್ಣಾ, ಗಡ್ಡಿ ಬಸವಣ್ಣಗ ಏನ್ ಹರಕಿ ಹೊತ್ತೀರಿ?" ಎಂದು ಯಮನಪ್ಪ ಕೇಳಿದ. "ಗುಡಿಗೆ ಹೋಗೂದಿಲ್ಲ, ದೋಣಿ ಇಳ್ಯೂದಿಲ್ಲ."

"ಹೊಳಿ ನೋಡಾಕ ಬರ್ತೀನಿ."

"ಕಣ್ಣು ಮುಚ್ಚಿ ಹೊಳಿ ನೋಡವರನ್ನ ನಿಮ್ಮನ್ನ ಒಬ್ಬರನ್ನ ಕಂಡೆ ನಾ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹೇಳುವ ಧೈರ್ಯವಿಲ್ಲದವನು, ಮುಳುಗಿದರೆ ಜೊತೆಗೆ ಮುಳುಗೋಣ ಎಂದು ಬಂದು ಕೂರುತ್ತಿದ್ದಾನೆ ಎಂದು ನನಗೆ ಆಗ ಅರ್ಥವಾಯಿತು. ಪಾಪ ಎನಿಸಿತು. ಆದರೆ ತಿಂಗಳಲ್ಲಿ ಒಂದು ದಿನ ಅವನು ಕೂತರೆ ಉಳಿದ ದಿನ ಕೂತವರ ಗತಿ ಏನು ಎಂದೂ ಅನಿಸಿತು.

ಶ್ರಾವಣದಲ್ಲಿ ಮೇಲಿನ ನೀರು ಬಂತು. ಹೊಳೆ ಕೆಂಪಾಗಿ, ಗಡ್ಡೆಯ ಅಂಚನ್ನು ಕಡಿಯತೊಡಗಿತು. ಸಂಜೆಯೊಳಗೆ ಗಡ್ಡೆ ಖಾಲಿ ಮಾಡಬೇಕು ಎಂದು ತಹಶೀಲ್ದಾರರ ಕಚೇರಿಯಿಂದ ಹೇಳಿಕಳಿಸಿದರು. ಅಮಾವಾಸ್ಯೆ ಇನ್ನೂ ದೂರವಿತ್ತು. ಆದರೂ ಅಂದು ಮುಂಜಾನೆ ಭರಮಪ್ಪನ ಹೆಜ್ಜೆ ಕೇಳಿಸಿತು. ನೆರೆಯ ಸುದ್ದಿ ಕೇಳಿ ರಾತ್ರಿಯ ಬಸ್ಸಿಗೇ ಹೊರಟಿದ್ದನಂತೆ. ದಡದಿಂದ ಗಡ್ಡೆಗೆ ಹೋಗುವ ಆ ಸರದಿಗೆ ದೋಣಿಯಲ್ಲಿ ಇದ್ದದ್ದು ಅವನು ಮತ್ತು ಯಮನಪ್ಪ ಇಬ್ಬರೇ. ನಡುನೀರಿನಲ್ಲಿ ಸೆಳೆತಕ್ಕೆ ಎದುರಾಗಿ ಎಂಜಿನ್ ಮುಕ್ಕಿರಿಯಿತು. ಮೊಣಕೈಯ ಬುಡದಲ್ಲಿ ನನಗೆ ಮೊದಲ ಸಲ ನೋವು ಎನ್ನಬಹುದಾದ ಏನೋ ಒಂದು ಹಾದುಹೋಯಿತು. ನನ್ನ ಗೂಡಿನ ಮೇಲಿದ್ದ ಭರಮಪ್ಪನ ಅಂಗೈ ಒಮ್ಮೆಲೇ ಬಿಗಿಯಾಯಿತು.

ಗಡ್ಡೆಯ ಘಟ್ಟದಲ್ಲಿ, ದೋಣಿ ನಿಲ್ಲುವ ಮೆಟ್ಟಿಲುಗಳ ಮೇಲೆ, ಮೂವತ್ತು ಜನ ಗಂಟು ಮೂಟೆ, ಕೂಸು, ಆಡು, ಹೊಲಿಗೆ ಮಷೀನು ಹಿಡಿದು ಕಾಯುತ್ತಿದ್ದರು. ಯಮನಪ್ಪ "ಹತ್ರಿ" ಎಂದ. ಭರಮಪ್ಪ ಮೊಣಕಾಲುದ್ದದ ನೀರಿಗೆ ಇಳಿದು ದೋಣಿಯ ಹಗ್ಗ ಹಿಡಿದು ಅಡ್ಡ ನಿಂತ.

"ಯಮನಪ್ಪಾ, ಎಂಜಿನ್ ಬಂದ್ ಮಾಡು. ಯಾರೂ ಹತ್ತಬ್ಯಾಡ್ರಿ."

ಎಂಜಿನ್ ನಿಂತಿತು. ನಾನು ನಿಂತೆ. ಭರಮಪ್ಪ ಖಂಡೇನವಮಿಯ ಮಧ್ಯಾಹ್ನದಿಂದ ಹಿಡಿದು ಎಲ್ಲವನ್ನೂ ಹೇಳಿದ, ಲ್ಯಾಬಿಗೆ ತಮ್ಮನನ್ನು ಕಳಿಸಿದ್ದನ್ನೂ ಬಿಡಲಿಲ್ಲ. "ನನ್ನ ಜೀವ ಒತ್ತೆ ಇಟ್ಟು ಕುಂತಿದ್ದೆ. ಇವರ ಜೀವ ಇಡಾಕ ನಾ ಯಾರು?" ಎಂದ.

ಯಮನಪ್ಪ ದೋಣಿಯಿಂದ ಇಳಿದು ಅವನೆದುರು ಬಂದು ನಿಂತ. ಆಮೇಲೆ ಮೆಲ್ಲಗೆ, "ಇಷ್ಟು ದಿನ ನನ್ನ ಬಾಜೂಕ ಕುಂತಿ. ನನ್ನ ಹೇಂತಿ ನಿನಗ ರೊಟ್ಟಿ ಕಟ್ಟಿ ಕೊಟ್ಲು" ಎಂದ. ಕೂಗಿದ್ದರೆ ಭರಮಪ್ಪನಿಗೆ ಹಗುರವಾಗುತ್ತಿತ್ತೋ ಏನೋ.

ಬೇರೆ ದೋಣಿ ಬರುವ ಭರವಸೆ ಇರಲಿಲ್ಲ. ಇಬ್ಬರೂ ಎಂಜಿನ್ ಬಿಚ್ಚಿದರು. ನೀರು ಒಂದೊಂದೇ ಮೆಟ್ಟಿಲು ಏರುತ್ತಿತ್ತು. ಹತ್ತು ತಿಂಗಳ ಮೇಲೆ ಬೆಳಕು ಕಂಡೆ. ಗಡ್ಡೆಯಲ್ಲೇ ಇದ್ದ ಯಮನಪ್ಪನ ಮನೆಯ ಅಟ್ಟದಿಂದ ತಮ್ಮನನ್ನು ತಂದರು. ನನ್ನನ್ನು ಪಕ್ಕಕ್ಕಿಡುವ ಮುನ್ನ ಯಮನಪ್ಪ ತಡೆದ. ಎರಡನೆಯದನ್ನು ಕೂಡಿಸಲು ಮೂರು ತಾಸಾದರೂ ಬೇಕು, ನೀರು ಅಷ್ಟು ಕಾಯುತ್ತದೆಯೇ? ನನ್ನನ್ನು ಹುಣಸೆ ಕೊಂಬೆಗೆ ಹಗ್ಗದಿಂದ ತೂಗಿಬಿಟ್ಟು ತಾನೇ ಸ್ಪ್ಯಾನರಿನಿಂದ ಬಡಿದ. ನಾನು ಉದ್ದಕ್ಕೆ, ಚೆಂದಾಗಿ ಹಾಡಿದೆ. ಕಾಯುತ್ತಿದ್ದ ಹೆಂಗಸರು ತಿರುಗಿ ನೋಡಿದರು.

"ಗುಡಿ ಗಂಟೀ ಹಂಗ ಐತಲ್ಲೋ. ಇದನ್ನ ತಿರಗಿ ಹಾಕೂಣು, ಲಗೂನ ಆಕ್ಕೈತಿ."

ಭರಮಪ್ಪ ತಲೆಯಾಡಿಸಿದ. "ಆವತ್ತೂ ದನಿ ಹಿಂಗ ಇತ್ತು. ದನಿ ಕೇಳೇ ನಾ ಬಾಯಿ ಮುಚ್ಚಿಕೊಂಡಿದ್ದು. ಬ್ಯಾಡ."

ಮೂವತ್ತೆಂಟು ವರ್ಷ ನಂಬಿದ ತನ್ನ ಕಿವಿಯನ್ನು ಅವನು ಆ ಮಾತಿನಲ್ಲಿ ಬಿಟ್ಟುಕೊಟ್ಟ. ಯಮನಪ್ಪ ಅವನ ಮುಖ ನೋಡಿ, ತಮ್ಮನನ್ನೇ ಎತ್ತಿಕೊಂಡ. ಇಬ್ಬರೂ ಕೂಡಿ ಅವನನ್ನು ಎಂಜಿನ್ನಿಗೆ ಕೂಡಿಸಿದರು. ಮಧ್ಯಾಹ್ನ ಎರಡಕ್ಕೆ ಎಂಜಿನ್ ಹೊತ್ತಿತು. ಹೊತ್ತು ಮುಳುಗುವುದರೊಳಗೆ ನಾಲ್ಕು ಸರದಿಯಲ್ಲಿ ಗಡ್ಡೆಯ ಜನರೆಲ್ಲ ದಾಟಿದರು. ಕಡೆಯ ಸರದಿಗೆ ಯಮನಪ್ಪ ನನ್ನನ್ನೂ ಎತ್ತಿ ಹಾಕಿಕೊಂಡ. ಮೊದಲ ಸಲ ನಾನು ಪ್ರಯಾಣಿಕನಾಗಿ ಹೊಳೆ ನೋಡಿದೆ. ಅಷ್ಟು ನೀರಿನ ಮೇಲೆ ನಾನು ತಿರುಗುತ್ತಿದ್ದೆನೇ ಎಂದು ದಿಗಿಲಾಯಿತು.

ಭರಮಪ್ಪ ನನ್ನನ್ನು ಬೆಳಗಾವಿಗೆ ಹೊತ್ತು ತಂದು ಅಕ್ಕಾರ ಮೇಜಿನ ಮೇಲಿಟ್ಟ. ಲ್ಯಾಬಿನ ನೀಲಿ ಬೆಳಕಿನ ಕೆಳಗೆ ನನ್ನ ಮೇಲೆ ಎಣ್ಣೆ ಹರಿಸಿದರು. ಮೊಣಕೈಯ ಬುಡದಲ್ಲಿ, ಬಿಸಿನೀರು ಬಿದ್ದ ಜಾಗದಲ್ಲಿ, ಕೂದಲೆಳೆಯಂಥ ಒಂದು ಹಸಿರು ಗೆರೆ ಮೂಡಿತು. ನನ್ನ ಪ್ರಶ್ನೆಗೆ ಅದೇ ಉತ್ತರ. ಸೀಳಿದ್ದು ನಾನೇ. ಸೀಳಿಕೊಂಡೂ ಅಷ್ಟು ಇಂಪಾಗಿ ಹಾಡಿದ್ದು ನೆನೆದು ನಾಚಿಕೆಯಾಯಿತು.

"ಇದು ಇನ್ನೊಂದು ವರ್ಷ ತಡೀತಿತ್ತೋ, ಇನ್ನೊಂದು ತಾಸು ತಡೀತಿತ್ತೋ, ಯಾರೂ ಹೇಳಾಕಾಗೂದಿಲ್ಲ" ಎಂದರು ಅಕ್ಕಾರು. ಆಮೇಲೆ ಭರಮಪ್ಪನ ಬೆರಳು ನೋಡುತ್ತ, "ಖಂಡೇಪೂಜಿ ದಿನ ಭಟ್ಟಿ ಆರಿತ್ತು ಭರಮಣ್ಣಾ. ನನಗ ಆವತ್ತ ಹೊಳೀತು. ನಿನ್ನ ವಯಸ್ಸಿಗೆ ಮರ್ಯಾದಿ ಅಂತ ಕೇಳಲಿಲ್ಲ. ಕೇಳಬೇಕಿತ್ತು" ಎಂದರು. ಈಗ ಅಲ್ಲಿ ಖಂಡೇನವಮಿಯ ವಾರದಲ್ಲಿ ಪೆಟ್ಟಿಗೆಗೆ ಹೋಗುವ ಸಾಮಾನಿಗೆ ಒಳಗಿಡುವ ಮೊದಲೇ ವಿಭೂತಿ ಹಚ್ಚುತ್ತಾರಂತೆ.

ನನ್ನನ್ನು ಗುಜರಿಗೆ ಹಾಕುವುದರಲ್ಲಿದ್ದರು. ನೆರೆಯಲ್ಲಿ ಗಡ್ಡೆಯ ಶಾಲೆಯ ಗಂಟೆ ಕೊಚ್ಚಿಹೋಗಿತ್ತು. ಮಾಸ್ತರರು ಯಮನಪ್ಪನನ್ನು ಕೇಳಿ ನನ್ನನ್ನು ತರಿಸಿಕೊಂಡು ಜಗುಲಿಯ ತೊಲೆಗೆ ತೂಗುಹಾಕಿದರು. ಅಂದಿನಿಂದ ನಾನು ಶಾಲೆಯ ಗಂಟೆ. ತಿರುಗುವುದು ನಿಂತಿತು, ಹಾಡುವುದು ಉಳಿಯಿತು. ಇಲ್ಲಿಂದ ಘಟ್ಟ ಕಾಣುತ್ತದೆ, ತಮ್ಮನ ಸದ್ದು ಕೇಳುತ್ತದೆ. ಅವನು ಆರನೆಯ ಮಳೆಗಾಲ ನೋಡುತ್ತಿದ್ದಾನೆ. ಇನ್ನೂ ಸವೆದಿಲ್ಲ ಎಂದು ಯಮನಪ್ಪ ಎಲ್ಲರಿಗೂ ಹೇಳುತ್ತಾನೆ.

ಭರಮಪ್ಪ ಈಗ ಕೆಲಸ ಬಿಟ್ಟಿದ್ದಾನೆ. ಮೊನ್ನೆ ಬಂದಿದ್ದ. ಆ ಮೂರು ಬೆರಳ ತುದಿಗೆ ಬಿಸಿ ತಣ್ಣಗೆ ಏನೂ ತಿಳಿಯುವುದಿಲ್ಲ, ರೊಟ್ಟಿ ಸುಡುತ್ತಿದೆಯೇ ಎಂದು ಹೆಂಡತಿಯನ್ನು ಕೇಳಿ ಮುಟ್ಟುತ್ತೇನೆ ಎಂದು ಮಾಸ್ತರರಿಗೆ ಹೇಳುತ್ತಿದ್ದ. ಆಮೇಲೆ ನನ್ನ ಹತ್ತಿರ ಬಂದು, ಮಾಸಿದ ಮೂರು ಗೆರೆಗಳ ಮೇಲೆ ಆ ಮೂರು ಬೆರಳನ್ನು ಇಟ್ಟ. ಸರಿಯಾಗಿ ಕೂತವು. ಶಾಲೆ ಬಿಡುವ ಹೊತ್ತಾಗಿತ್ತು. ಮಾಸ್ತರರು ಬಡಿದರು. ನನ್ನ ನಡುಕ ಅವನ ಬೆರಳಿಗೆ ಹೋಯಿತು.

"ಇಷ್ಟ ಮಾತ್ರ ಗೊತ್ತಾಕ್ಕೈತಿ ನೋಡ್ರಿ ಈ ಬೆರಳಿಗೆ" ಎಂದ. ದನಿ ಪೂರ್ತಿ ನಿಲ್ಲುವ ತನಕ ಕೈ ತೆಗೆಯಲಿಲ್ಲ.

ಮಕ್ಕಳ ಹಿಂದೆಯೇ ಅವನೂ ಘಟ್ಟಕ್ಕೆ ಇಳಿದ. ದೋಣಿ ಹೊರಟಿತು. ಎಂಜಿನ್ನಿನ ಪಕ್ಕದ ಅವನ ಜಾಗ ಖಾಲಿ ಇತ್ತು. ಅವನು ಮುಂದಿನ ಹಲಗೆಯ ಮೇಲೆ, ಎರಡೂ ಕೈ ಮಡಿಲಲ್ಲಿಟ್ಟು, ಕಣ್ಣು ತೆರೆದು ಹೊಳೆ ನೋಡುತ್ತ ಕುಳಿತಿದ್ದ.